ಸಿಡಿಲಿಗೆ ದಾರಿ ಬಿಡುವ ಬಿಲ್ಲೆ

ಭಾರತದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು ಎಂದು ಹೇಳುವುದು ರೂಢಿಯಾದರೂ, ಗೋಡೆಯ ಸಾಕೆಟ್ಟಿನಲ್ಲಿ ವೋಲ್ಟೇಜು ಯಾವಾಗಲೂ ಆ ಅಂಕಿಯಲ್ಲಿ ನಿಂತಿರುವುದಿಲ್ಲ. ಸೆಕೆಂಡಿಗೆ 50 ಬಾರಿ ಅದು ಸೊನ್ನೆಯಿಂದ ಸುಮಾರು 325 ವೋಲ್ಟಿನವರೆಗೆ ಏರಿ, ಇಳಿದು, ವಿರುದ್ಧ ದಿಕ್ಕಿನಲ್ಲಿಯೂ ಅಷ್ಟೇ ದೂರ ಹೋಗಿ ಮರಳುತ್ತದೆ, ಮತ್ತು 230 ಎಂಬುದು ಈ ಏರಿಳಿತವು ಮಾಡಬಲ್ಲ ಕೆಲಸವನ್ನು ಅಳೆದು ಹೇಳಿದ ಒಂದು ಬಗೆಯ ಸರಾಸರಿ ಮಾತ್ರ. ಈ ನಿಯತವಾದ ಅಲೆಯ ಮೈಮೇಲೆ ಆಗಾಗ ಮುಳ್ಳಿನಂತಹ ಒಂದು ಏರಿಕೆ ಕಾಣಿಸಿಕೊಳ್ಳುತ್ತದೆ. ನೂರಾರು ವೋಲ್ಟುಗಳಿಂದ ಹಿಡಿದು ಕೆಲವು ಸಾವಿರ ವೋಲ್ಟುಗಳವರೆಗೆ ಎಗರಿ, ಕೆಲವೇ ಮೈಕ್ರೊಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ, ಮುಗಿದುಹೋಗುವ ಈ ಏರಿಕೆಯನ್ನು ತಂತ್ರಜ್ಞರು ಸರ್ಜ್ ಎಂದೂ ಅಂಗಡಿಯವರು ಸ್ಪೈಕ್ ಎಂದೂ ಕರೆಯುತ್ತಾರೆ. ಬಲ್ಬು ಮಿನುಗುವುದಿಲ್ಲ, ಫ್ಯಾನು ತಡವರಿಸುವುದಿಲ್ಲ. ಟಿವಿಯೋ ವೈಫೈ ಪೆಟ್ಟಿಗೆಯೋ ಮತ್ತೆ ಚಾಲೂ ಆಗದಿದ್ದಾಗಷ್ಟೇ ಅದು ಬಂದುಹೋದ ಸಂಗತಿ ತಿಳಿಯುತ್ತದೆ.

ಸರ್ಜಿನ ಮೂಲವೆಂದರೆ ಸಿಡಿಲು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಸಿಡಿಲಿನ ಮೊದಲ ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರುಗಳ ಆಸುಪಾಸಿನ ಪ್ರವಾಹವಿರುತ್ತದೆ, ಮತ್ತು ಅದು ತಂತಿಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದ ತೆಂಗಿನ ಮರಕ್ಕೆ ಬಡಿದರೂ ಅದರ ಸುತ್ತ ಹುಟ್ಟಿ ಅಳಿಯುವ ಕಾಂತಕ್ಷೇತ್ರವು ಹೊಲದ ಮೇಲೆ ಹಾದುಹೋಗಿರುವ ಲೈನಿನಲ್ಲಿ ಸಾವಿರಾರು ವೋಲ್ಟುಗಳನ್ನು ಪ್ರೇರಿಸುತ್ತದೆ. ಆದರೆ ಹೆಚ್ಚಿನ ಸರ್ಜುಗಳು ಹುಟ್ಟುವುದು ನೆಲದ ಮೇಲೆಯೇ. ಮೋಟಾರು, ಕಂಪ್ರೆಸರು, ಹಳೆಯ ಟ್ಯೂಬ್‌ಲೈಟಿನ ಚೋಕು ಮುಂತಾದ ತಂತಿಸುರುಳಿಯುಳ್ಳ ಸಾಧನಗಳಲ್ಲಿ ಪ್ರವಾಹವು ಹರಿಯುತ್ತಿರುವಾಗ ಸುರುಳಿಯ ಸುತ್ತಲಿನ ಕಾಂತಕ್ಷೇತ್ರದಲ್ಲಿ ಒಂದಿಷ್ಟು ಶಕ್ತಿ ಕೂಡಿಕೊಂಡಿರುತ್ತದೆ. ಸ್ವಿಚ್ಚು ಆರಿಸಿ ಪ್ರವಾಹವನ್ನು ತಟ್ಟನೆ ಕಡಿದರೆ ಆ ಶಕ್ತಿಗೆ ಹೋಗಲು ಎಡೆಯಿಲ್ಲದೆ ಅದು ವೋಲ್ಟೇಜಿನ ರೂಪದಲ್ಲಿ ಹೊರಚಿಮ್ಮುತ್ತದೆ. ಪಂಪ್‌ಸೆಟ್ಟು ನಿಂತಾಗ, ಫ್ರಿಜ್ಜು ತಾನಾಗಿ ಆರಿದಾಗ, ಲಿಫ್ಟು ನಿಲುಗಡೆಗೆ ಬಂದಾಗ ಆಗುವುದು ಇದೇ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಫ್ರಾಂಸ್ವಾ ಮಾರ್ಟ್ಸ್‌ಲಾಫ್ ಎಂಬ ಎಂಜಿನಿಯರು ತನ್ನ ಸಹೋದ್ಯೋಗಿಯೊಡನೆ 1970ರಲ್ಲಿ ಪ್ರಕಟಿಸಿದ ಅಧ್ಯಯನವು ಮನೆಯೊಳಗಿನ ಈ ಸರ್ಜುಗಳನ್ನು ಅಳೆದು ನೋಡಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಅದೇ ಪರಂಪರೆಯ ದಾಖಲೆಗಳಲ್ಲಿ ಗಡಿಯಾರದ ಮೋಟಾರುಗಳ ಒಂದು ಪ್ರಸಂಗ ಪದೇ ಪದೇ ಬರುತ್ತದೆ: 2,000 ವೋಲ್ಟುಗಳನ್ನು ತಾಳುವ ಹೊದಿಕೆಯಿದ್ದ ವಿದ್ಯುತ್ ಗಡಿಯಾರಗಳ ಮೋಟಾರುಗಳಿಗೆ 6,000 ವೋಲ್ಟುಗಳನ್ನು ತಾಳುವ ಹೊದಿಕೆ ಕೊಟ್ಟಾಗ, ಅವು ಕೆಟ್ಟು ಹಿಂದಿರುಗುವ ಪ್ರಮಾಣ ನೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಮನೆಗಳಲ್ಲಿ 2,000 ವೋಲ್ಟು ಮೀರಿದ ಸರ್ಜುಗಳು ಸಾಕಷ್ಟಿವೆ, 6,000 ಮೀರಿದವು ಅಪರೂಪ ಎಂಬುದು ಹೀಗೆ ಗಡಿಯಾರಗಳ ಸಾವಿನ ಲೆಕ್ಕದಿಂದ ಹೊರಬಿತ್ತು. ಅಪರೂಪವಾಗಲು ಕಾರಣವೂ ಸ್ವಾರಸ್ಯಕರವಾಗಿದೆ. ಸುಮಾರು 6,000 ವೋಲ್ಟು ದಾಟುವಷ್ಟರಲ್ಲಿ ಮನೆಯ ಸಾಕೆಟ್ಟಿನೊಳಗಿನ ಲೋಹದ ತುಣುಕುಗಳ ನಡುವೆಯೇ ಕಿಡಿ ಹಾರಿ ವೋಲ್ಟೇಜು ಕುಸಿದುಬಿಡುತ್ತದೆ. ಸಾಕೆಟ್ಟೇ ಒಂದು ಒರಟು ರಕ್ಷಕ.

ಗಡಿಯಾರಕ್ಕೆ ದಪ್ಪ ಹೊದಿಕೆ ಕೊಟ್ಟು ಬದುಕಿಸಿದಂತೆ ಇಂದಿನ ಚಿಪ್ಪುಗಳನ್ನು ಬದುಕಿಸಲಾಗದು. ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳು ನೂರಾರು ವೋಲ್ಟುಗಳಲ್ಲೇ ಕೆಲಸ ಮಾಡುತ್ತಿದ್ದುದರಿಂದ ಕ್ಷಣಿಕವಾದ ಇನ್ನಷ್ಟು ವೋಲ್ಟುಗಳನ್ನು ಅವು ಹೇಗೋ ಸಹಿಸಿಕೊಳ್ಳುತ್ತಿದ್ದವು. ಚಿಪ್ಪಿನೊಳಗಿನ ಟ್ರಾನ್ಸಿಸ್ಟರಿನಲ್ಲಾದರೋ ನಿಯಂತ್ರಕ ತುದಿಯನ್ನು ಸಿಲಿಕಾನಿನಿಂದ ಬೇರ್ಪಡಿಸುವ ಹೊದಿಕೆಯು ಕೆಲವೇ ನ್ಯಾನೊಮೀಟರ್ ದಪ್ಪದ್ದಾಗಿದ್ದು, ಒಂದು ನ್ಯಾನೊಮೀಟರಿಗೆ ಸುಮಾರು ಒಂದು ವೋಲ್ಟಿನ ಲೆಕ್ಕದಲ್ಲಿ ಅದು ತೂತಾಗುತ್ತದೆ. ಹತ್ತು ವೋಲ್ಟು ಕೂಡ ಅದಕ್ಕೆ ಸಿಡಿಲೇ. ಅರೆವಾಹಕಗಳು, ಎಂದರೆ ತಾಮ್ರದಂತೆ ಸರಾಗವಾಗಿ ವಿದ್ಯುತ್ತನ್ನು ಹರಿಯಗೊಡದ, ಗಾಜಿನಂತೆ ಪೂರ್ತಿ ತಡೆಯಲೂ ಒಲ್ಲದ ಪದಾರ್ಥಗಳು, ಉಪಕರಣಗಳನ್ನು ಇಷ್ಟು ನಾಜೂಕುಗೊಳಿಸಿದವು, ಮತ್ತು ಅವುಗಳನ್ನು ಕಾಯುವ ಉಪಾಯವನ್ನೂ ಅರೆವಾಹಕಗಳೇ ಒದಗಿಸಿದವು.

ಸರ್ಜನ್ನು ಫ್ಯೂಸಾಗಲಿ ಎಂಸಿಬಿಯಾಗಲಿ ಏಕೆ ತಡೆಯುವುದಿಲ್ಲ ಎಂಬ ಪ್ರಶ್ನೆ ಸಹಜ. ಎಂಸಿಬಿ ಬೀಳಲು ಎಷ್ಟೇ ಅವಸರಪಟ್ಟರೂ ಕೆಲವು ಮಿಲಿಸೆಕೆಂಡುಗಳು ಬೇಕು, ಮತ್ತು ಸಿಡಿಲಿನಿಂದ ಪ್ರೇರಿತವಾದ ಪ್ರವಾಹದ ಮಾದರಿಯೆಂದು ಪ್ರಯೋಗಾಲಯಗಳು ಒಪ್ಪಿಕೊಂಡಿರುವ ಅಲೆಯು 8 ಮೈಕ್ರೊಸೆಕೆಂಡಿನಲ್ಲಿ ತುದಿಗೇರಿ 20 ಮೈಕ್ರೊಸೆಕೆಂಡು ಆಗುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಬಾಗಿಲು ಮುಚ್ಚುವ ಹೊತ್ತಿಗೆ ಕಳ್ಳ ಊರು ದಾಟಿರುತ್ತಾನೆ. ಆದ್ದರಿಂದ ಸರ್ಜ್ ಪ್ರೊಟೆಕ್ಟರು ಬಾಗಿಲು ಮುಚ್ಚುವ ಕೆಲಸಕ್ಕೆ ಕೈಹಾಕುವುದೇ ಇಲ್ಲ. ಅದು ಉಪಕರಣದ ಪಕ್ಕದಲ್ಲಿ, ಫೇಸ್ ಮತ್ತು ನ್ಯೂಟ್ರಲ್ ತಂತಿಗಳಿಗೆ ಅಡ್ಡಲಾಗಿ ಕೂತು, ವೋಲ್ಟೇಜು ಸಾಧಾರಣವಾಗಿರುವವರೆಗೆ ಅಲ್ಲಿ ಇಲ್ಲವೇ ಇಲ್ಲವೆಂಬಂತಿದ್ದು, ಒಂದು ಮಿತಿ ಮೀರಿದೊಡನೆ ಪ್ರವಾಹಕ್ಕೆ ಹೆದ್ದಾರಿಯಾಗುತ್ತದೆ. ಕೆರೆ ತುಂಬಿದಾಗ ಹೆಚ್ಚುವರಿ ನೀರು ಕೋಡಿಯ ಮೇಲೆ ಹರಿದು ಏರಿಯನ್ನು ಉಳಿಸುವಂತೆ, ಹೆಚ್ಚುವರಿ ಪ್ರವಾಹವು ಪ್ರೊಟೆಕ್ಟರಿನ ಮೂಲಕ ಹರಿದು ಉಪಕರಣವು ಉಳಿಯುತ್ತದೆ. ಹೋಲಿಕೆ ಒಂದು ಕಡೆ ಸೋಲುತ್ತದೆ: ಕೋಡಿ ಬಿದ್ದರೂ ಕೆರೆಗೆ ನಷ್ಟವಿಲ್ಲ, ಪ್ರೊಟೆಕ್ಟರು ಮಾತ್ರ ಪ್ರತಿ ಹರಿವಿನಲ್ಲೂ ತುಸು ಸವೆಯುತ್ತದೆ.

ಟಿವಿಯ ಅಥವಾ ಕಂಪ್ಯೂಟರಿನ ವಿದ್ಯುತ್ ಪೂರೈಕೆಯ ಬೋರ್ಡನ್ನು ಬಿಚ್ಚಿ ನೋಡಿದರೆ, ವಿದ್ಯುತ್ತು ಒಳಬರುವ ಮೂಲೆಯಲ್ಲಿ ಗಾಜಿನ ಫ್ಯೂಸಿನ ಪಕ್ಕದಲ್ಲಿ ಎರಡು ಕಾಲಿನ ಮೇಲೆ ನಿಂತ ನೀಲಿ ಬಣ್ಣದ ಒಂದು ಬಿಲ್ಲೆ ಸಾಮಾನ್ಯವಾಗಿ ಕಾಣುತ್ತದೆ. ರಿಪೇರಿಯವರು ಎಂಒವಿ ಎಂದೋ ವಿಡಿಆರ್ ಎಂದೋ ಕರೆಯುವ ಈ ಬಿಲ್ಲೆಯ ಮೇಲೆ 14ಡಿ431ಕೆ ಎಂಬಂತಹ ಬರಹವಿರುತ್ತದೆ. 14 ಎಂದರೆ ಬಿಲ್ಲೆಯ ಅಗಲ 14 ಮಿಲಿಮೀಟರು. 431 ಎಂದರೆ 43ರ ಮುಂದೆ ಒಂದು ಸೊನ್ನೆ, ಅಂದರೆ 430 ವೋಲ್ಟು, ಈ ವೋಲ್ಟೇಜಿನಲ್ಲಿ ಬಿಲ್ಲೆಯು ಒಂದು ಮಿಲಿಆಂಪಿಯರಿನಷ್ಟು ಪ್ರವಾಹವನ್ನು ಬಿಡತೊಡಗುತ್ತದೆ. ಕೊನೆಯ ಕೆ ಅಕ್ಷರವು ಆ ಅಂಕಿ ಶೇಕಡಾ 10ರಷ್ಟು ಆಚೀಚೆ ಇರಬಹುದೆಂದು ಸೂಚಿಸುತ್ತದೆ. ನೀಲಿ ಹೊರಪದರದೊಳಗಿರುವುದು ಸತುವಿನ ಆಕ್ಸೈಡು, ಕ್ಯಾಲಮೈನ್ ಲೋಷನ್ನಿನಲ್ಲಿ ಮೈಗೆ ಹಚ್ಚಿಕೊಳ್ಳುವ ಅದೇ ಬಿಳಿಯ ಪುಡಿ. ಅದಕ್ಕೆ ಬಿಸ್ಮತ್, ಕೋಬಾಲ್ಟ್, ಮ್ಯಾಂಗನೀಸ್, ಆಂಟಿಮನಿಗಳ ಆಕ್ಸೈಡುಗಳನ್ನು ಚಿಟಿಕೆಯಷ್ಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಂಬಾರನ ಆವಿಗೆಗಿಂತ ಹೆಚ್ಚು ಕಾವಿರುವ ಕುಲುಮೆಯಲ್ಲಿ 1,100ರಿಂದ 1,200 ಡಿಗ್ರಿಯ ಸುಮಾರಿಗೆ ಸುಟ್ಟರೆ ಪಿಂಗಾಣಿಯಂತಹ ಬಿಲ್ಲೆ ಸಿದ್ಧವಾಗುತ್ತದೆ.

ಬಿಲ್ಲೆಯ ಗುಟ್ಟು ಅದರ ಹರಳುಗಳಲ್ಲಿಲ್ಲ, ಹರಳುಗಳ ನಡುವಣ ಗಡಿಗಳಲ್ಲಿದೆ. ಸುಡುವಾಗ ಸತುವಿನ ಆಕ್ಸೈಡು ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಗಾತ್ರದ ಹರಳುಗಳಾಗಿ ಬೆಳೆಯುತ್ತದೆ ಮತ್ತು ಬಿಸ್ಮತ್ತಿನಂತಹ ಬೆರಕೆಗಳು ಹರಳಿನೊಳಗೆ ಸೇರಲಾರದೆ ಅಂಚುಗಳಿಗೆ ಬಂದು ಕೂಡುತ್ತವೆ. ಹರಳಿನ ಒಳಭಾಗದಲ್ಲಿ ವಿದ್ಯುತ್ತು ಚೆನ್ನಾಗಿಯೇ ಹರಿಯುತ್ತದೆ. ಅಂಚಿನಲ್ಲಿ ಮಾತ್ರ ಎಲೆಕ್ಟ್ರಾನುಗಳಿಗೆ ಅಡ್ಡಗೋಡೆಯೊಂದು ಏಳುತ್ತದೆ. ಒಂದೊಂದು ಗೋಡೆಯೂ ಸುಮಾರು 3 ವೋಲ್ಟಿನವರೆಗೆ ತಡೆದು ನಿಲ್ಲುತ್ತದೆ, ಅದನ್ನು ಮೀರಿದರೆ ಎಲೆಕ್ಟ್ರಾನುಗಳು ಹಿಂಡುಹಿಂಡಾಗಿ ದಾಟುತ್ತವೆ. ಹೀಗಾಗಿ 430 ವೋಲ್ಟಿನ ಬಿಲ್ಲೆ ಬೇಕೆಂದರೆ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಸುಮಾರು 140 ಗಡಿಗಳು ಬರುವಷ್ಟು ದಪ್ಪ, ಎಂದರೆ ಒಂದೆರಡು ಮಿಲಿಮೀಟರು, ಇದ್ದರೆ ಸಾಕು. ಹೆಚ್ಚು ಪ್ರವಾಹ ತಾಳಬೇಕೆಂದರೆ ಬಿಲ್ಲೆಯನ್ನು ಅಗಲಗೊಳಿಸಬೇಕು. ದಪ್ಪವು ವೋಲ್ಟೇಜನ್ನೂ ಅಗಲವು ಪ್ರವಾಹವನ್ನೂ ನಿರ್ಧರಿಸುವ ಇಷ್ಟು ಸರಳ ಲೆಕ್ಕ ಎಲೆಕ್ಟ್ರಾನಿಕ್ಸಿನಲ್ಲಿ ಹೆಚ್ಚಾಗಿ ಸಿಗುವುದಿಲ್ಲ.

ಸಾಮಾನ್ಯ ತಂತಿಯಲ್ಲಿ ವೋಲ್ಟೇಜು ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿಯಾಗುತ್ತದೆ. ಈ ನೇರ ಸಂಬಂಧವನ್ನು ಧಿಕ್ಕರಿಸುವ ಪದಾರ್ಥಗಳು ಹಿಂದೆಯೂ ಇದ್ದವು. 1930ರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿ ಥೈರೈಟ್ ಎಂಬ ಹೆಸರಿನಲ್ಲಿ ಸಿಲಿಕಾನ್ ಕಾರ್ಬೈಡಿನ, ಅಂದರೆ ಸಾಣೆಕಲ್ಲಿನಲ್ಲಿ ಬಳಕೆಯಾಗುವ ಪದಾರ್ಥದ, ಬಿಲ್ಲೆಗಳನ್ನು ವಿದ್ಯುತ್ ಲೈನುಗಳ ಸಿಡಿಲು ರಕ್ಷಕಗಳಲ್ಲಿ ತಂದಿತ್ತು. ಅದರಲ್ಲಿ ವೋಲ್ಟೇಜು ಇಮ್ಮಡಿಯಾದರೆ ಪ್ರವಾಹವು ಹದಿನಾರು ಪಟ್ಟೋ ಮೂವತ್ತು ಪಟ್ಟೋ ಏರುತ್ತದೆ. ಜಪಾನಿನ ಮಾತ್ಸುಶಿತಾ ಕಂಪನಿಯ ಸಂಶೋಧಕ ಮಿಚಿಯೊ ಮಾತ್ಸುವೊಕ 1971ರಲ್ಲಿ ವಿವರಿಸಿದ ಸತುವಿನ ಆಕ್ಸೈಡಿನ ಬಿಲ್ಲೆಯ ಮುಂದೆ ಅದು ಏನೇನೂ ಅಲ್ಲ. ಅಲ್ಲಿ ಪ್ರವಾಹವು ವೋಲ್ಟೇಜಿನ ಮೂವತ್ತನೆಯ ಘಾತಕ್ಕೋ ಅದಕ್ಕೂ ಹೆಚ್ಚಿಗೋ ಅನುಗುಣವಾಗಿರುತ್ತದೆ; ಎರಡನ್ನು ಮೂವತ್ತು ಸಲ ಗುಣಿಸಿದರೆ 107 ಕೋಟಿ ದಾಟುತ್ತದೆ. ವೋಲ್ಟೇಜು ಬರೀ ಶೇಕಡಾ 10ರಷ್ಟು ಹೆಚ್ಚಿದರೂ ಪ್ರವಾಹವು ಹದಿನೇಳು ಪಟ್ಟಾಗುತ್ತದೆ. ಪ್ರವಾಹ ವಿಪರೀತವಾದಾಗ ಹರಳುಗಳ ಸ್ವಂತ ರೋಧ ಅಡ್ಡಬರುವುದರಿಂದ ಈ ಲೆಕ್ಕ ಕೊನೆಯವರೆಗೂ ನಡೆಯುವುದಿಲ್ಲವಾದರೂ, ಬಿಲ್ಲೆಯ ನಡತೆಯನ್ನು ಗ್ರಹಿಸಲು ಇದು ಸಾಕು. ಜನರಲ್ ಎಲೆಕ್ಟ್ರಿಕ್ 1972ರ ವೇಳೆಗೆ ಅದನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಇಂದು ಸಬ್‌ಸ್ಟೇಷನ್ನುಗಳಲ್ಲಿ ಟ್ರಾನ್ಸ್‌ಫಾರ್ಮರುಗಳ ಪಕ್ಕ ಪಿಂಗಾಣಿಯ ಉಂಗುರಗಳ ಕಂಬದಂತೆ ನಿಂತಿರುವ ಲೈಟ್ನಿಂಗ್ ಅರೆಸ್ಟರುಗಳ ಒಳಗೂ ಇದೇ ಬಿಲ್ಲೆಗಳು, ಅಗಲವಾಗಿ, ಒಂದರ ಮೇಲೊಂದು ಪೇರಿಸಲ್ಪಟ್ಟಿರುತ್ತವೆ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಇಂತಹ ಉಪಕರಣಗಳಿಗೆ ಕೃತಕ ಸಿಡಿಲು ಹೊಡೆಸಿ ಪರೀಕ್ಷಿಸುತ್ತದೆ.

ಒಂದು ಸರ್ಜಿನಲ್ಲಿ ಬಿಲ್ಲೆಯು ಹೊರುವ ಹೊರೆಯನ್ನು ಅಂದಾಜಿಸಬಹುದು. 3,000 ಆಂಪಿಯರ್ ಹರಿಯುವಾಗ ಬಿಲ್ಲೆಯ ಎರಡು ಕಾಲುಗಳ ನಡುವೆ ಸುಮಾರು 1,000 ವೋಲ್ಟು ಇದ್ದರೆ, ಆ ಕ್ಷಣದ ಶಕ್ತಿಯ ದರ 30 ಲಕ್ಷ ವಾಟ್, ಒಂದು ಸಣ್ಣ ಊರಿನ ದೀಪಗಳಿಗೆ ಆಗುವಷ್ಟು. ಆದರೆ ಅದು ಇರುವುದು 20 ಮೈಕ್ರೊಸೆಕೆಂಡಿನಷ್ಟು ಹೊತ್ತು. ಒಟ್ಟು ಶಕ್ತಿ ಸುಮಾರು 60 ಜೂಲ್, ಟೀ ಚಮಚದಷ್ಟು ನೀರನ್ನು ಮೂರು ಡಿಗ್ರಿ ಬೆಚ್ಚಗಾಗಿಸಲು ಸಾಲುವಷ್ಟು ಮಾತ್ರ. ಬೆರಳ ಉಗುರಿನಷ್ಟಗಲದ ಬಿಲ್ಲೆಯು ಸಿಡಿಲಿನ ಮರಿಯನ್ನು ನುಂಗಿ ಅರಗಿಸಿಕೊಳ್ಳಲು ಸಾಧ್ಯವಾಗುವುದು ಈ ಕಾರಣದಿಂದ.

ಬಿಲ್ಲೆಯನ್ನು ದಾಟಿ ಒಳಗೆ ನುಸುಳುವ ನೂರಾರು ವೋಲ್ಟುಗಳು ವಿದ್ಯುತ್ ಪೂರೈಕೆಯ ಬೋರ್ಡಿಗೆ ಸಹ್ಯವಾದರೂ ಚಿಪ್ಪಿಗೆ ಅಲ್ಲ. ಅಲ್ಲಿ ಟಿವಿಎಸ್ ಡಯೋಡ್ ಎಂಬ ಸಿಲಿಕಾನಿನ ಕಾವಲುಗಾರನಿರುತ್ತಾನೆ. ಎರಡು ಬಗೆಯ ಸಿಲಿಕಾನು ಕೂಡುವ ಸಂಧಿಗೆ ಹಿಮ್ಮುಖವಾಗಿ ವೋಲ್ಟೇಜು ಕೊಟ್ಟರೆ ಪ್ರವಾಹ ಹರಿಯುವುದಿಲ್ಲ. ಆದರೆ ವೋಲ್ಟೇಜು ಒಂದು ಹಂತ ಮೀರಿದಾಗ ಸಂಧಿಯಲ್ಲಿ ಅಲೆಯುತ್ತಿರುವ ಒಂದು ಎಲೆಕ್ಟ್ರಾನು ಅತಿಯಾಗಿ ವೇಗಗೊಂಡು ಹರಳಿನ ಪರಮಾಣುವಿಗೆ ಬಡಿದು ಇನ್ನೊಂದನ್ನು ಬಿಡಿಸುತ್ತದೆ, ಆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹೆಚ್ಚುತ್ತ, ಒಂದು ಕಲ್ಲು ಉರುಳಿ ಗುಡ್ಡವೇ ಜರಿದಂತೆ ಪ್ರವಾಹ ನುಗ್ಗುತ್ತದೆ. ಸಿಲಿಕಾನಿನಲ್ಲಿ ನಡೆಯುವ ಈ ಕುಸಿತವನ್ನು ಬೆಲ್ ಪ್ರಯೋಗಾಲಯದ ಕೆನೆತ್ ಮೆಕೇ 1950ರ ದಶಕದಲ್ಲಿ ವಿವರಿಸಿದರು. 1934ರಲ್ಲಿ ಕ್ಲಾರೆನ್ಸ್ ಜೀನರ್ ಸೂಚಿಸಿದ್ದು ಬೇರೊಂದು ಬಗೆಯ ಭಂಗ, ಅದು ಐದಾರು ವೋಲ್ಟಿಗಿಂತ ಕೆಳಗೆ ಮುಖ್ಯವಾಗುತ್ತದೆ, ಆದರೂ ಅಂಗಡಿಯಲ್ಲಿ ಎಲ್ಲಕ್ಕೂ ಜೀನರಿನ ಹೆಸರೇ ಅಂಟಿಕೊಂಡಿದೆ. ಟಿವಿಎಸ್ ಡಯೋಡು ಬಿಲ್ಲೆಗಿಂತ ಬಿಗಿಯಾಗಿ ವೋಲ್ಟೇಜನ್ನು ಹಿಡಿಯುತ್ತದೆ: 5 ವೋಲ್ಟಿನ ತಂತಿಗೆಂದು ತಯಾರಾದ ಒಂದು ಸಾಮಾನ್ಯ ಮಾದರಿಯು 65 ಆಂಪಿಯರ್ ಹರಿಯುವಾಗಲೂ 9.2 ವೋಲ್ಟು ಮೀರಗೊಡುವುದಿಲ್ಲ. ಹೊರೆ ಹೊರುವುದರಲ್ಲಿ ಮಾತ್ರ ಅದು ಬಿಲ್ಲೆಗೆ ಸಮನಲ್ಲ, ಏಕೆಂದರೆ ಬಿಲ್ಲೆಯಲ್ಲಿ ಶಾಖವು ಕೋಟ್ಯಂತರ ಹರಳುಗಳಿಗೆ ಹಂಚಿಹೋದರೆ ಡಯೋಡಿನಲ್ಲಿ ಒಂದು ತೆಳುವಾದ ಸಂಧಿಯೇ ಎಲ್ಲವನ್ನೂ ಸಹಿಸಬೇಕು. ಮೊಬೈಲಿನ ಯುಎಸ್‌ಬಿ ಕಿಂಡಿಯ ಹಿಂದೆ ಸಾಸಿವೆ ಕಾಳಿನಷ್ಟು ಗಾತ್ರದ ಇಂತಹ ಡಯೋಡುಗಳು ಇರುತ್ತವೆ. ಚಳಿಗಾಲದ ಒಣಹವೆಯಲ್ಲಿ ಬೆರಳ ತುದಿಯಿಂದ ಚಟ್ಟನೆ ಹಾರುವ ಸಾವಿರಾರು ವೋಲ್ಟಿನ ಕಿಡಿಯನ್ನು ಅವೇ ಎದುರಿಸುತ್ತವೆ. ದೂರವಾಣಿ ತಂತಿಗಳಿಗೆ ಥೈರಿಸ್ಟರ್ ಜಾತಿಯ ಮತ್ತೊಂದು ಸಾಧನವುಂಟು. ಅದು ಮಿತಿ ಮೀರಿದೊಡನೆ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಬದಲು ಕೆಲವೇ ವೋಲ್ಟುಗಳಿಗೆ ಕೆಡವಿಬಿಡುತ್ತದೆ.

ಪ್ರೊಟೆಕ್ಟರು ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಜೋಡಿಸಿದ ತಂತಿ ಉದ್ದವಾಗಿದ್ದರೆ ಪ್ರಯೋಜನ ಕುಗ್ಗುತ್ತದೆ ಎಂಬ ಸಂಗತಿಯನ್ನು ವೈರಿಂಗ್ ಮಾಡುವವರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ನೇರವಾದ ತಂತಿಗೂ ಸುರುಳಿಯ ಗುಣ ತುಸು ಇದ್ದು, ಪ್ರವಾಹವು ಹಠಾತ್ತನೆ ಏರುವುದನ್ನು ಅದು ವಿರೋಧಿಸುತ್ತದೆ. 8 ಮೈಕ್ರೊಸೆಕೆಂಡಿನಲ್ಲಿ 3,000 ಆಂಪಿಯರಿಗೆ ಏರುವ ಪ್ರವಾಹವು ಒಂದು ಮೀಟರ್ ತಂತಿಯ ಉದ್ದಕ್ಕೆ ಸುಮಾರು 375 ವೋಲ್ಟುಗಳನ್ನು ಹುಟ್ಟಿಸುತ್ತದೆ ಮತ್ತು ಅವು ಪ್ರೊಟೆಕ್ಟರು ಬಿಟ್ಟ ವೋಲ್ಟುಗಳ ಜೊತೆ ಕೂಡಿ ಉಪಕರಣದ ಮೇಲೆ ಬೀಳುತ್ತವೆ. ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಕೂರಿಸುವ ಪ್ರೊಟೆಕ್ಟರಿನ ಎರಡೂ ಬದಿಯ ತಂತಿ ಒಟ್ಟಾರೆ ಅರ್ಧ ಮೀಟರು ಮೀರಬಾರದೆಂಬ ನಿಯಮ ಬಂದುದು ಇದರಿಂದ. ಸಾವಿರಾರು ರೂಪಾಯಿಯ ಸಾಧನ ತಂದು, ನೋಟಕ್ಕೆ ಚೆಂದವಿರಲೆಂದು ತಂತಿಯನ್ನು ಬೋರ್ಡಿನ ಅಂಚಿನುದ್ದಕ್ಕೂ ಸುತ್ತಿಸಿ ಬಿಗಿದರೆ ಹಣ ಕೊಟ್ಟು ಕೊಂಡ ರಕ್ಷಣೆಯ ಒಂದು ಪಾಲು ಆ ಸುತ್ತಿನಲ್ಲೇ ಕರಗಿಹೋಗುತ್ತದೆ. ಮನೆಗೆ ಬರುವ ತಂತಿಯ ಬುಡದಲ್ಲಿ, ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ, ಉಪಕರಣದ ಬಳಿಯಲ್ಲಿ ಹೀಗೆ ಹಂತಹಂತವಾಗಿ ಪ್ರೊಟೆಕ್ಟರುಗಳನ್ನಿಟ್ಟು ಹೊರೆಯನ್ನು ಹಂಚುವುದು ಸರಿಯಾದ ಕ್ರಮ, ಆದರೆ ಎಲ್ಲದರ ಕೆಳಗೆ ಒಳ್ಳೆಯ ಅರ್ಥಿಂಗ್ ಇರಬೇಕು. ಬೇಸಿಗೆಯ ಕೊನೆಯಲ್ಲಿ, ಮುಂಗಾರು ಪೂರ್ವದ ಗುಡುಗು ಮಳೆಗಳು ಶುರುವಾಗುವ ಹೊತ್ತಿಗೆ ಸರಿಯಾಗಿ, ಅರ್ಥಿಂಗ್ ಗುಂಡಿ ಒಣಗಿ ಬೂದಿಯಾಗಿರುವುದು ಕರ್ನಾಟಕದ ಬಯಲುಸೀಮೆಯಲ್ಲಿ ಸಾಮಾನ್ಯ.

ಎರಡು ದಾರಿಯಿರುವ ಉಪಕರಣಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಟಿವಿಗೆ ವಿದ್ಯುತ್ತು ಗೋಡೆಯಿಂದ ಬರುತ್ತದೆ, ಚಿತ್ರವು ತಾರಸಿಯ ಮೇಲಿನ ಡಿಶ್ಶಿನಿಂದ ಕೇಬಲ್ಲಿನಲ್ಲಿ ಬರುತ್ತದೆ. ವಿದ್ಯುತ್ತಿನ ಬದಿಯಲ್ಲಿ ಮಾತ್ರ ಪ್ರೊಟೆಕ್ಟರಿದ್ದರೆ, ಅದು ಸರ್ಜನ್ನು ಅರ್ಥಿಂಗಿಗೆ ತಿರುಗಿಸಿದ ಕ್ಷಣದಲ್ಲಿ ಆ ಅರ್ಥ್ ತಂತಿಯ ವೋಲ್ಟೇಜೇ ಮೇಲೇಳುತ್ತದೆ, ಡಿಶ್ಶಿನ ಕೇಬಲ್ಲು ಬೇರೊಂದು ಕಡೆ ನೆಲ ಮುಟ್ಟಿದ್ದು ಕೆಳಗೇ ಉಳಿಯುತ್ತದೆ, ಮತ್ತು ಎರಡರ ನಡುವಣ ಅಂತರವೆಲ್ಲ ಟಿವಿಯ ಒಳಗಿನ ಬೋರ್ಡಿನ ಮೇಲೆ ಬೀಳುತ್ತದೆ. ಸ್ಪೈಕ್ ಬಸ್ಟರ್ ಹಾಕಿದ್ದರೂ ಸೆಟ್‌ಟಾಪ್ ಬಾಕ್ಸು ಸುಟ್ಟುಹೋಯಿತೆಂಬ ದೂರುಗಳಲ್ಲಿ ಹಲವಕ್ಕೆ ವಿವರಣೆ ಇಲ್ಲಿದೆ.

ಬಿಲ್ಲೆಯ ನಿಜವಾದ ಶತ್ರು ಮಾತ್ರ ಸಿಡಿಲಲ್ಲ. ಮೂರು ಫೇಸಿನ ಲೈನಿನಲ್ಲಿ ಕಂಬದ ಮೇಲೆ ನ್ಯೂಟ್ರಲ್ ಕಟ್ಟಾದಾಗ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಸಮೀಪದವರೆಗೆ ನುಗ್ಗಬಹುದು. ಅದರ ತುದಿ ವೋಲ್ಟೇಜು 565ರಷ್ಟಾಗಿ, 430ರ ಬಿಲ್ಲೆಯು ಪ್ರತಿ ಅಲೆಯಲ್ಲೂ ಎರಡೆರಡು ಬಾರಿ ಬಾಯಿ ತೆರೆಯಬೇಕಾಗುತ್ತದೆ. ಮೈಕ್ರೊಸೆಕೆಂಡುಗಳ ಹೊರೆಗೆಂದು ಹುಟ್ಟಿದ ಸಾಧನಕ್ಕೆ ಲೈನ್‌ಮನ್ ಬರುವವರೆಗಿನ ಹೊರೆ ಬಿದ್ದರೆ ಅದು ಸೆಕೆಂಡುಗಳಲ್ಲಿ ಕೆಂಪಗೆ ಕಾದು, ಬಿರಿದು, ಹೊಗೆಯುಗುಳುತ್ತದೆ. ಪಕ್ಕದ ಫ್ಯೂಸು ಆಗ ಹಾರಿದರೆ ಉಪಕರಣ ಉಳಿದರೂ ಉಳಿಯಬಹುದು. ಕರಿಹಿಡಿದ ಬಿಲ್ಲೆಯನ್ನೂ ಫ್ಯೂಸನ್ನೂ ಬದಲಿಸಿದೊಡನೆ ಟಿವಿ ಮತ್ತೆ ನಡೆಯುವುದು ರಿಪೇರಿ ಅಂಗಡಿಗಳ ನಿತ್ಯದ ಅನುಭವ. ಸರ್ಜ್ ಪ್ರೊಟೆಕ್ಟರು ಸ್ಟೆಬಿಲೈಸರಿನ ಕೆಲಸ ಮಾಡುವುದಿಲ್ಲ, ಸ್ಟೆಬಿಲೈಸರಿನಿಂದ ಪ್ರೊಟೆಕ್ಟರಿನ ಕೆಲಸವೂ ಆಗುವುದಿಲ್ಲ. ನಿಂತು ಕಾಡುವ ಅಧಿಕ ವೋಲ್ಟೇಜಿಗೆ ಸಂಪರ್ಕವನ್ನೇ ಕಡಿಯುವ ರಿಲೇ ಬೇಕು. ಉತ್ತಮ ಬಿಲ್ಲೆಗಳಿಗೆ ಕಾವು ಏರಿದರೆ ಕರಗಿ ಸಂಪರ್ಕ ತಪ್ಪಿಸುವ ಒಂದು ಕೊಂಡಿಯನ್ನು ಅಂಟಿಸಿರುತ್ತಾರೆ. ಡಿಸ್ಟ್ರಿಬ್ಯೂಷನ್ ಬೋರ್ಡಿನ ಪ್ರೊಟೆಕ್ಟರಿನಲ್ಲಿ ಹಸಿರು ಕಿಂಡಿ ಕೆಂಪಾಗುವುದು ಆ ಕೊಂಡಿ ತಪ್ಪಿದ್ದರ ಗುರುತು. ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡುಗಳಲ್ಲಿ ಉರಿಯುವ ಕೆಂಪು ದೀಪವು ಎಷ್ಟೋ ವೇಳೆ ಕರೆಂಟು ಇದೆಯೆಂಬುದನ್ನಷ್ಟೇ ತಿಳಿಸುತ್ತದೆ, ಒಳಗಿನ ಬಿಲ್ಲೆ ಬದುಕಿದೆಯೋ ಇಲ್ಲವೋ ಎಂಬುದನ್ನಲ್ಲ.

ಗುಡುಗು ಕೇಳಿದೊಡನೆ ಪ್ಲಗ್ಗು ಕೀಳುವ ಮಲೆನಾಡಿನ ಮನೆಗಳ ರೂಢಿಯನ್ನು ಹಳೆಯ ಕಾಲದ ಭಯವೆಂದು ತಳ್ಳಿಹಾಕಲು ಬರುವುದಿಲ್ಲ. ಒಂದು ಮಿಲಿಮೀಟರ್ ಒಣಗಾಳಿಯು ಸುಮಾರು 3,000 ವೋಲ್ಟುಗಳನ್ನು ತಡೆಯಬಲ್ಲದಾದ್ದರಿಂದ ಸಾಕೆಟ್ಟಿನಿಂದ ಒಂದು ಗೇಣು ದೂರ ಇಟ್ಟ ಪ್ಲಗ್ಗಿಗೆ ಯಾವ ಬಿಲ್ಲೆಯೂ ಸಾಟಿಯಲ್ಲ. ಸ್ವಿಚ್ಚು ಆರಿಸಿದರೆ ಅಷ್ಟೇ ಫಲ ಸಿಗುವುದಿಲ್ಲ: ಗೋಡೆಯ ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ, ಅದೂ ಕೆಲವೇ ಮಿಲಿಮೀಟರಿನ ಅಂತರದಲ್ಲಿ, ಮತ್ತು ನ್ಯೂಟ್ರಲ್ ತಂತಿಯು ಕಂಬದಿಂದ ಟಿವಿಯವರೆಗೆ ಎಲ್ಲೂ ಕಡಿಯದೆ ಹಾಗೆಯೇ ಇರುತ್ತದೆ. ಹಾಗೆಂದು ಸಿಡಿಲು ನೆತ್ತಿಯ ಮೇಲೆ ಆರ್ಭಟಿಸುತ್ತಿರುವಾಗ ಪ್ಲಗ್ಗಿಗೆ ಕೈಹಾಕುವುದು ಅಪಾಯ. ಕೀಳುವುದಿದ್ದರೆ ಮೋಡ ಕವಿಯುವಾಗಲೇ ಕೀಳಬೇಕು, ಜೊತೆಗೆ ಡಿಶ್ಶಿನ ಕೇಬಲ್ಲನ್ನೂ ತಿರುಗಿಸಿ ಬಿಚ್ಚಿ ಇಡಬೇಕು.